ಬಾಯಮ್ಮ ಬಂದಿದ್ದರು

ಮೇ 21, 2023, ಭಾನುವಾರ
ಶಂಕರಪುರ, ಉಡುಪಿ

ಬೆಳಗ್ಗಿನದ್ದು ಏನೂ ಬರೆಯುವುದಿಲ್ಲ. ಸಂಜೆ ನಾಲ್ಕರ ಮೇಲೆ ಆದದ್ದನ್ನು ಮಾತ್ರ ಬರೆದಿಡಬೇಕು. ಇಲ್ಲದಿದ್ದರೆ ಇವತ್ತು ನಿದ್ದೆ ಬರುವ ಹಾಗಿಲ್ಲ.

ಬಾಯಮ್ಮ ಬಂದಿದ್ದರು. ನಮಗೆ ಈ ಮನೆ ಕೊಟ್ಟವರು. ಜನವರಿಯಲ್ಲಿ ರಿಜಿಸ್ಟ್ರೇಶನ್ ದಿನ ಕಾಗದಕ್ಕೆ ಸಹಿ ಹಾಕಿ, ಮಗನ ಕಾರಿನಲ್ಲಿ ಕೂತು ಹೋದವರನ್ನು ಮತ್ತೆ ನೋಡಿರಲಿಲ್ಲ. ಈಗ ಮಂಗಳೂರಿನಲ್ಲಿ ಇದ್ದಾರೆ. ಬಿಜೈಯಲ್ಲಿ ಮಗನ ಫ್ಲ್ಯಾಟು, ನಾಲ್ಕನೇ ಮಹಡಿ. ಕಟಪಾಡಿಯಲ್ಲಿ ಸಂಬಂಧಿಕರ ಮನೆಯ ರೋಸ್, ಅಂದರೆ ಮದುವೆಗೆ ಮುಂಚಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಇತ್ತಂತೆ. ಅಲ್ಲಿಂದ ಯಾರಿಗೂ ಹೇಳದೆ ಆಟೊ ಹಿಡಿದು ಬಂದಿದ್ದಾರೆ.

ನಾನು ಹಿತ್ತಿಲಲ್ಲಿ ಬಸಳೆಗೆ ನೀರು ಹಾಕುತ್ತಿದ್ದೆ. ಪಾತ್ರೆ ತೊಳೆದ ನೀರು. ಬಾವಿಯ ನೀರನ್ನು ಗಿಡಕ್ಕೆ ಹಾಕುವುದು ನಿಲ್ಲಿಸಿ ಎರಡು ವಾರ ಆಯಿತು, ಈಗ ಕೊಡಪಾನ ಅರ್ಧ ಮುಳುಗಿದರೆ ಪುಣ್ಯ. ಆಟೊ ನಿಂತ ಶಬ್ದ ಕೇಳಿ ಮುಂದೆ ಬಂದೆ. ಅವರು ಗೇಟಿನ ಹೊರಗೇ ನಿಂತಿದ್ದರು. ನಲವತ್ತೊಂದು ವರ್ಷ ಅದೇ ಗೇಟನ್ನು ತೆರೆದು ಮುಚ್ಚಿದವರು, "ಒಳಗೆ ಬರಬಹುದಾ ಮಗಾ?" ಅಂತ ಕೇಳಿದರು. ನನ್ನ ಗಂಟಲು ಕಟ್ಟಿತು. "ಎಂತ ಬಾಯಮ್ಮ, ಹೀಗೆ ಕೇಳುವುದಾ" ಅಂತ ಓಡಿ ಹೋಗಿ ಕೈ ಹಿಡಿದುಕೊಂಡೆ.

ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟೆ. ಅವರು ಕುಡಿಯುತ್ತಾ ಮೇಲೆ ನೋಡಿದರು.

"ಮಾಡು ಬಿಚ್ಚಿಸಿದಿರಾ?"

ಹೌದು, ಹೆಂಚಿನ ಚಾವಣಿಯನ್ನು ಏಪ್ರಿಲಿನಲ್ಲಿ ಬಿಚ್ಚಿಸಿದೆವು. ಮರದ ನಾಲ್ಕು ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಹೆಂಚು ಕೂರಿಸುವ ರೀಪು ಅರ್ಧಕ್ಕರ್ಧ ಹೊಸದು ಹಾಕಬೇಕಾಯಿತು. ಕೆಲಸದವರು ಶೀಟು ಹಾಕಿಸಿ, ಖರ್ಚು ಕಡಿಮೆ ಅಂತ ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. ಜೆಪ್ಪಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದಲೇ ಮಂಗಳೂರು ಹೆಂಚು ಅನ್ನುವ ಹೆಸರು ಊರೂರಿಗೆ ಹೋದದ್ದಲ್ವಾ. ಆಮೇಲೆ ನೇತ್ರಾವತಿಯ ದಂಡೆಯಲ್ಲಿ ಎಷ್ಟೋ ಕಾರ್ಖಾನೆಗಳಾದವು. ನಮ್ಮ ಮಾಡಿನದ್ದು ಅಂಥ ಯಾವುದೋ ಒಂದರದ್ದು, ಅಡಿಯಲ್ಲಿ ಉಬ್ಬಿದ ಅಕ್ಷರ ಸವೆದು ಹೋಗಿ ಓದಲು ಬರುವುದಿಲ್ಲ. ಒಂದೊಂದನ್ನೂ ತೊಳೆದು, ಬಡಿದು ಸದ್ದು ಕೇಳಿ, ಗಟ್ಟಿ ಇದ್ದದ್ದನ್ನು ಮತ್ತೆ ಹೊದೆಸಿದೆವು. ಅದನ್ನೆಲ್ಲ ಬಾಯಮ್ಮನಿಗೆ ಸಂತೋಷದಿಂದ ಹೇಳಿದೆ. ಅವರು ತಲೆ ಅಲ್ಲಾಡಿಸುತ್ತಾ ಕೇಳಿದರು. ಆಮೇಲೆ, "ಒಡೆದ ಹೆಂಚು ಎಂತ ಮಾಡಿದಿ ಮಗಾ? ಮಲ್ಲಿಗೆಯ ಬುಡದ ಸುತ್ತ ಇಟ್ಟರೆ ಆಗುತ್ತಿತ್ತು, ಮಣ್ಣು ಜಾರುವುದಿಲ್ಲ" ಅಂದರು.

"ಅದೆಲ್ಲ ಹಿಂದಿನ ಕಣಿಗೆ ತುಂಬಿಸಿದೆವು ಬಾಯಮ್ಮ" ಅಂದೆ.

ಲೋಟ ಕೆಳಗಿಟ್ಟರು. ಏನೂ ಹೇಳಲಿಲ್ಲ. ಎದ್ದು ಮನೆಯ ಬದಿಯಿಂದ ಹಿಂದಕ್ಕೆ ನಡೆದರು. ಮಂಡಿ ನೋವಿನವರು, ಅಷ್ಟು ಬೇಗ ನಡೆಯಬಲ್ಲರು ಅಂತ ನನಗೆ ಗೊತ್ತಿರಲಿಲ್ಲ.

ಕಣಿ ಅಂದರೆ ನೆಲದಲ್ಲಿ ತೋಡಿದ ಉದ್ದ ಗುಳಿ. ಅದರ ವಿಷಯ ಹೇಳಬೇಕು. ಮಣಿಪಾಲದ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಇದ್ದೆವು. ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ಕರಿಬೇವು, ಅಷ್ಟೇ. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಿತ್ತು. ಇಲ್ಲಿ ಬಂದ ಮೊದಲ ವಾರ ಹಾರೆ ಹಿಡಿದು ಎಂಟು ಸೆಂಟ್ಸಿನ ಮೂಲೆ ಮೂಲೆಯಲ್ಲಿ ಅಗೆದೆ. ಯಾರನ್ನೂ ಕೇಳಬೇಕಾಗಿಲ್ಲ ಅನ್ನುವುದು ಎಂಥ ಸುಖ ಅಂತ ಬಾಡಿಗೆ ಮನೆಯಲ್ಲಿ ಇದ್ದವರಿಗೇ ಗೊತ್ತು. ಅಡುಗೆಮನೆಯ ಹಿಂದೆ ಉದ್ದಕ್ಕೆ ಒಂದು ಒಣ ಕಣಿ, ಅದರ ತುಂಬ ತರಗೆಲೆ. ಬೇಸಿಗೆಯಲ್ಲಿ ನೋಡಿದ್ದಲ್ವಾ, ಸುಮ್ನೆ ಜಾಗ ಹಾಳು ಅಂತ ಕಂಡಿತು. ಒಂದು ಕಡೆ ಸ್ವಲ್ಪ ಉದ್ದಕ್ಕೆ ಕೆಂಪು ಮಣ್ಣು ತರಿಸಿ ತುಂಬಿಸಿ, ಮಾರ್ಚಿನಲ್ಲಿ ಬಸಳೆ ನೆಟ್ಟೆ. ಅಡಿಕೆ ಸಲಾಕೆಯ ಚಪ್ಪರ ನಮ್ಮ ಮನೆಯವರೇ ಕಟ್ಟಿದರು. ಮಾಡು ಬಿಚ್ಚಿದ ಮೇಲೆ ಉಳಿದ ಉದ್ದಕ್ಕೂ ಒಡೆದ ಹೆಂಚು ಹಾಕಿ ಮಣ್ಣು ಮುಚ್ಚಿದೆವು. ಬಸಳೆ ಎಷ್ಟು ಚೆನ್ನಾಗಿ ಬಂತು ಅಂದರೆ ಎರಡು ಸಲ ದಂಟು ಕೊಯ್ದು ಪದಾರ್ಥ ಮಾಡಿದ್ದೇನೆ. ನಮ್ಮ ಸ್ವಂತ ಮನೆಯ ಮೊದಲ ಬೆಳೆ ಅಂತ ಅತ್ತೆಗೆ ಫೋಟೊ ಕಳಿಸಿದ್ದೆ.

ಬಾಯಮ್ಮ ಚಪ್ಪರದ ಎದುರು ನಿಂತಿದ್ದರು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

"ಬಸಳೆ ಚಂದ ಆಗಿದೆ" ಅಂದರು ಮೊದಲು. ಆಮೇಲೆ ಅಲ್ಲೇ ಬಿದ್ದಿದ್ದ ಒಂದು ಕಡ್ಡಿ ತೆಗೆದುಕೊಂಡು, ಕಷ್ಟಪಟ್ಟು ಬಗ್ಗಿ, ಮಣ್ಣಿನಲ್ಲಿ ಗೀರಿದರು. ಇದು ಗುಡ್ಡೆ. ಇದು ಮನೆ. ಮೇಲಿನ ಮೂರು ಮನೆಯ ಅಂಗಳದ ನೀರು, ಗುಡ್ಡೆಯ ನೀರು, ಎಲ್ಲ ಸೇರಿ ಇಲ್ಲಿಗೇ ಇಳಿಯುವುದು. ಕಣಿಯಲ್ಲಿ ಹರಿದು ಬಾವಿಯಿಂದ ಹತ್ತು ಹನ್ನೆರಡು ಅಡಿ ಆಚೆಯ ಗುಂಡಿಗೆ ಬೀಳುತ್ತದೆ, ಅಲ್ಲಿ ಇಂಗುತ್ತದೆ, ಜಾಸ್ತಿ ಆದದ್ದು ತೋಡಿಗೆ ಹೋಗುತ್ತದೆ. "ಆಟಿಯಲ್ಲಿ, ಜೋರು ಮಳೆಯ ತಿಂಗಳಲ್ಲಿ, ನೋಡಬೇಕು ನೀನು. ಕಣಿ ತುಂಬಿ ಬರ್ತದೆ. ರಾತ್ರಿ ಮಲಗಿದರೆ ಅದರದ್ದೇ ಶಬ್ದ."

ನಾನು ಆ ಗುಂಡಿಯನ್ನು ಕಸದ ಗುಂಡಿ ಅಂದುಕೊಂಡಿದ್ದೆ.

ಅವರು 1982ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದದ್ದು. ಆ ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿಯಿತಂತೆ. ಆಗ ಅದು ಮಣ್ಣಿನ ಗೋಡೆ. ರಾತ್ರಿ ಇಡೀ ಅಡುಗೆಮನೆಯ ಒಳಗೆ ನೀರು. ಮಾರನೇ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೇ ಸೇರಿ ಕಣಿ ತೋಡಿದರು. ಮೇಲೆ ಒಂದು ಅಡಿ ಮಣ್ಣು, ಕೆಳಗೆ ಗಟ್ಟಿ ಕೆಂಪು ಮುರಕಲ್ಲು. ಗಂಡ ಪಿಕ್ಕಾಸಿನಲ್ಲಿ ಕಡಿಯುವುದು, ಬಾಯಮ್ಮ ಬುಟ್ಟಿಯಲ್ಲಿ ಹೊರುವುದು. ಮಗ ಆಗ ಹೊಟ್ಟೆಯಲ್ಲಿ ಆರು ತಿಂಗಳು. ಆ ಮುರಕಲ್ಲಿನ ಚೂರುಗಳನ್ನೇ ಬಾವಿಕಟ್ಟೆಯ ಸುತ್ತ ಹಾಸಿದ್ದು. ನಾನು ದಿನಾ ಬಟ್ಟೆ ಒಗೆಯುವಾಗ ನಿಲ್ಲುವ ಜಾಗ ಅದು.

ಇದನ್ನೆಲ್ಲ ಅವರು ದೊಡ್ಡ ಕಥೆಯ ಹಾಗೆ ಹೇಳಲಿಲ್ಲ. ಮೀನಿನ ರೇಟು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದರು. ಕೊನೆಗೆ, "ನಾನು ಹೇಳಬೇಕಿತ್ತು, ನನ್ನದೇ ತಪ್ಪು. ಆ ದಿನ ಮಗನಿಗೆ ಅರ್ಜೆಂಟ್ ಇತ್ತು" ಅಂದರು. ಅವರು ತಪ್ಪು ತಮ್ಮ ಮೇಲೆ ಹಾಕಿಕೊಂಡದ್ದು ಕೇಳಿ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಚಹಾ ಇಡುತ್ತೇನೆ ಅಂತ ಒಳಗೆ ಹೋಗಿ ಸಿಂಕಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ.

ಚಹಾ ತಂದಾಗ ಅವರು ಮಲ್ಲಿಗೆ ಗಿಡದ ಹತ್ತಿರ ಇದ್ದರು. ಹದಿನಾಲ್ಕು ಗಿಡ ಇದೆ, ಪೂರ್ವದ ಬದಿಗೆ. ಸೆರಗಿನಲ್ಲಿ ಮೊಗ್ಗು ಕೊಯ್ದುಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಅರಳಲು ಸಿದ್ಧವಾಗಿ ಊದಿಕೊಂಡ ಮೊಗ್ಗು. ನಾನು ಬೆಳಗ್ಗೆ ದೇವರಿಗೆ ಬೇಕಾದಷ್ಟು ಕೊಯ್ದು ಉಳಿದದ್ದನ್ನು ಬಿಟ್ಟುಬಿಡುತ್ತೇನೆ, ಕಟ್ಟಲು ನನಗೆ ಬರುವುದಿಲ್ಲ. ಅವರು ಒಣ ಬಾಳೆ ನಾರು ಸೀಳಿ, ನೀರಲ್ಲಿ ಅದ್ದಿ, ಮಾತಾಡುತ್ತಲೇ ಕಟ್ಟಿದರು. ಕೈಯನ್ನು ಒಂದು ಸಲವೂ ನೋಡಲಿಲ್ಲ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಕು ಹರಿಯುವ ಮೊದಲು ಕೊಯ್ಯಬೇಕು, ಮೊಗ್ಗು ಬಿರಿಯಬಾರದು, ಕಟ್ಟಿ ಕಟ್ಟೆಗೆ, ಹೂ ಕೊಳ್ಳುವವರಲ್ಲಿಗೆ, ಕೊಡಬೇಕು, ಅಲ್ಲಿ ಆ ದಿನದ ದರ ಎಷ್ಟೋ ಅಷ್ಟು. ಮಗನ ಶಾಲೆ, ಕಾಲೇಜು, ಮಗಳ ಮದುವೆಯ ಬಂಗಾರ, ಎಲ್ಲ ಈ ಗಿಡಗಳದ್ದೇ. "ಆಗ ಅರವತ್ತು ಗಿಡ ಇತ್ತು" ಅಂದರು. ಚರ್ಚಿಗೂ ಹೂ ಇಲ್ಲಿಂದಲೇ, ದೈವದ ಕೋಲಕ್ಕೂ ಇಲ್ಲಿಂದಲೇ.

ಆಮೇಲೆ ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. "ಕಣಿ ತೋಡಿದ್ದು ಗೋಡೆಗೆ ಅಂತ ನಾವು ಅಂದುಕೊಂಡದ್ದು. ಆದರೆ ಮಲ್ಲಿಗೆ ಉಳಿದದ್ದು ಅದರಿಂದ. ಬುಡದಲ್ಲಿ ನೀರು ನಿಂತರೆ ಬೇರು ಕೊಳೀತದೆ ಮಗಾ. ಮೂರು ದಿನ ಸಾಕು."

ನಾವು ಈ ಹದಿನಾಲ್ಕರಲ್ಲಿ ಐದು ಗಿಡ ತೆಗೆದು ಕಾರಿಗೆ ಶೆಡ್ ಮಾಡಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸುವ ಮಾತಾಡಿದ್ದೆವು. ಕೊಟೇಶನ್ ಕೂಡ ಬಂದಿದೆ, ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಅದನ್ನು ಬಾಯಮ್ಮನಿಗೆ ಹೇಳಲಿಲ್ಲ. ಅವರು ನೀರು ಕುಡಿಯಲು ಅಡುಗೆಮನೆಗೆ ಬರುವ ಮೊದಲು ತೆಗೆದು ಡ್ರಾಯರಿಗೆ ಹಾಕಿದೆ. ಸುಳ್ಳು ಹೇಳಿದ ಹಾಗೆಯೇ ಅಲ್ವಾ ಅದು? ಈಗಲೂ ಅದೇ ಯೋಚನೆ.

ಹೋಗುವಾಗ ಒಂದು ಗೆಲ್ಲು ಕೇಳಿದರು. ಮಲ್ಲಿಗೆಯದ್ದು, ಪೆನ್ಸಿಲಿನಷ್ಟು ದಪ್ಪದ್ದು, ಫ್ಲ್ಯಾಟಿನ ಬಾಲ್ಕನಿಗೆ. ಅವರ ಗಿಡದ ಗೆಲ್ಲನ್ನು ಅವರು ನನ್ನ ಹತ್ತಿರ ಕೇಳಿದರು. ನಾಲ್ಕು ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ ಕೊಟ್ಟೆ. ಕಟ್ಟಿದ ಹೂವನ್ನು ಅವರು ತೆಗೆದುಕೊಂಡು ಹೋಗಲಿಲ್ಲ, ನಮ್ಮ ಮಗಳು ಪುಟ್ಟಿಯ ಜಡೆಗೆ ಮುಡಿಸಿದರು. ಮಗನ ಫೋನ್ ಎರಡು ಸಲ ಬಂತು. ಎತ್ತಲಿಲ್ಲ.

ನಮ್ಮ ಮನೆಯವರು ಏಳು ಗಂಟೆಗೆ ಬಂದರು. ಎಲ್ಲ ಹೇಳಿದೆ. ಸುಮ್ಮನೆ ಕೇಳಿ, ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಲು ಕೂತರು. ಇವರಿಗೆ ಬೇಸರವಾದಾಗ ಲೆಕ್ಕ ಬೇಕು. ನಮ್ಮ ಕಡೆ ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನಮ್ಮ ಮಾಡು ಒಂಬೈನೂರು ಚದರ ಅಡಿ, ಅಂದರೆ 83 ಚದರ ಮೀಟರ್ ಚಿಲ್ಲರೆ. ಮಾಡಿನ ಮೇಲೆ ಬೀಳುವುದೇ 3 ಲಕ್ಷದ 30 ಸಾವಿರ ಲೀಟರ್. ಗುಡ್ಡೆಯ ನೀರು ಬೇರೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ತೋಡು ಸೇರಿ, ಹೊಳೆ ಸೇರಿ, ಸಮುದ್ರಕ್ಕೆ ಹೋಗಿಬಿಡುತ್ತದೆ. ಮೇ ಬಂತೆಂದರೆ ಕೊಡಪಾನ ಮುಳುಗುವುದಿಲ್ಲ. 2019ರ ಮೇಯಲ್ಲಿ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಉಡುಪಿಯವರೆಲ್ಲ ಟ್ಯಾಂಕರಿಗೆ ಕಾದದ್ದು ಇನ್ನೂ ನೆನಪಿದೆ. ಈ ವರ್ಷವೂ ಹಾಗೇ ಕಾಣುತ್ತಿದೆ. ಅಂಗಳಕ್ಕೆ ಕಲ್ಲು ಹಾಸಿ, ಕಣಿ ಮುಚ್ಚಿ, ಆಮೇಲೆ ನೀರಿಲ್ಲ ಅಂತ ಅಳುವುದು ಯಾವ ನ್ಯಾಯ?

"ಇಂಟರ್‌ಲಾಕ್ ಬೇಡ" ಅಂದೆ.

"ಕಾರು?"

"ಬಿಸಿಲಲ್ಲಿ ನಿಲ್ಲಲಿ."

ಅವರು ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಊಟ ಮುಗಿಸಿ, ಟಾರ್ಚು ಕಟ್ಟೆಯ ಮೇಲೆ ಇಟ್ಟು, ಹಾರೆ ಹಿಡಿದು ಹಿಂದೆ ಹೋಗಿದ್ದಾರೆ. ಇದನ್ನು ಬರೆಯುವಾಗ ಹೆಂಚಿನ ಚೂರಿಗೆ ಹಾರೆ ತಾಗುವ ಸದ್ದು ಕೇಳುತ್ತಿದೆ. ಪತ್ತನಾಜೆಗೆ, ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನಕ್ಕೆ, ಇನ್ನು ಮೂರು ನಾಲ್ಕು ದಿನ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಅನ್ನುತ್ತಾರೆ. ಇಷ್ಟು ದಿನ ಮಳೆ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆ, ಈಗ ಎಂಟು ದಿನ ತಡವಾಗಿ ಬರಲಿ ಅನಿಸುತ್ತಿದೆ. ಮೂವತ್ತು ಅಡಿ ಉದ್ದ ಅಗೆಯಬೇಕು. ನಾಳೆ ಕೆಲಸಕ್ಕೆ ಯಾರಾದರೂ ಸಿಗುತ್ತಾರಾ ಅಂತ ಬೆಳಗ್ಗೆ ಅಂಗಡಿಯಲ್ಲಿ ಕೇಳಬೇಕು.

ಸೆಕೆ ವಿಪರೀತ. ಮೂಡು ದಿಕ್ಕಿನಲ್ಲಿ, ಕಾರ್ಕಳದ ಆಚೆ, ಸದ್ದಿಲ್ಲದ ಮಿಂಚು.

ಪುಟ್ಟಿ ಮಲ್ಲಿಗೆ ಮುಡಿದೇ ಮಲಗಿದ್ದಾಳೆ, ಕೋಣೆ ಇಡೀ ಪರಿಮಳ. ಬಾಯಮ್ಮ ಮಂಗಳೂರು ತಲುಪಿದರಾ ಅಂತ ಕೇಳಬೇಕಿತ್ತು, ಅವರ ನಂಬರ್ ನನ್ನ ಹತ್ತಿರ ಇಲ್ಲ, ಮಗನದ್ದು ಮಾತ್ರ ಇದೆ. ಮಗನಿಗೆ ಮಾಡಿದರೆ ಅವರು ಇಲ್ಲಿಗೆ ಬಂದದ್ದು ಗೊತ್ತಾಗುತ್ತದೆ.

ಬಸಳೆಯನ್ನು ಎಲ್ಲಿಗೆ ಸಾಗಿಸುವುದು ಅನ್ನುವುದು ಇನ್ನೊಂದು. ಬಾವಿಯ ಹತ್ತಿರ ನೆರಳು ಜಾಸ್ತಿ, ತೆಂಗಿನ ಬುಡದಲ್ಲಿ ಬೇರಿನ ಕಾಟ, ಮುಂದಿನ ಅಂಗಳದಲ್ಲಿ ಹಾಕಿದರೆ ಅತ್ತೆ ಬಂದಾಗ ಏನು ಹೇಳುತ್ತಾರೋ, ಆದರೆ ಶೆಡ್ ಮಾಡುವುದಿಲ್ಲ ಅಂದ ಮೇಲೆ ಆ ಮೂಲೆ