ಐಫೋನೋ ಆಂಡ್ರಾಯ್ಡೋ ಎಂದು ಕೇಳುವವರಿಗೆ

ಹೊಸ ಫೋನ್ ಕೊಳ್ಳಲು ಹೊರಟವರು ಕೇಳುವುದು ಒಂದೇ ಮಾತು: "ದಿನಾ ಬಳಸೋಕೆ ಯಾವುದು ಸುಲಭ, ಐಫೋನಾ ಆಂಡ್ರಾಯ್ಡಾ?" ಕ್ಯಾಮೆರಾ, ಪ್ರೊಸೆಸರ್, ಬೆಲೆಗಳ ಹೋಲಿಕೆ ಎಲ್ಲಿ ಬೇಕಾದರೂ ಸಿಗುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಇದು ಬಳಕೆಯ ಲೆಕ್ಕ ಮಾತ್ರ.

ಚಿಕ್ಕ ಉತ್ತರ ಬೇಕಿದ್ದರೆ: ಫೋನ್ ಕೈಕೊಟ್ಟಾಗ ಮನೆಯಲ್ಲಿ ಯಾರನ್ನು ಕೂಗುತ್ತೀರೋ, ಅವರ ಕೈಯಲ್ಲಿ ಯಾವುದಿದೆಯೋ ಅದನ್ನೇ ತಗೊಳ್ಳಿ. ತಮಾಷೆಗೆ ಹೇಳಿದ ಮಾತಲ್ಲ. ಮಗಳ ಬಳಿ ಆಂಡ್ರಾಯ್ಡ್ ಇದ್ದು ಅಪ್ಪನಿಗೆ ಐಫೋನ್ ಕೊಡಿಸಿದರೆ, "ಮೇಲಿಂದ ಕೆಳಗೆ ಎಳೀರಿ, ಬಲಗಡೆ ಮೂಲೆಯಿಂದ" ಎಂದು ಫೋನಿನಲ್ಲೇ ವಿವರಿಸಲು ಅವಳಿಗೇ ಗೊತ್ತಿರುವುದಿಲ್ಲ.

ಉದ್ದದ ಉತ್ತರಕ್ಕೆ ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕು. ಐಫೋನ್ ಅಂದರೆ ಒಂದು ವಸ್ತು, ಆಂಡ್ರಾಯ್ಡ್ ಅಂದರೆ ಒಂದು ಸಂತೆ. ಪಿಕ್ಸೆಲ್, ಸ್ಯಾಮ್‌ಸಂಗ್, ಶಿಯೋಮಿ, ವಿವೋ, ಒಪ್ಪೋ ಎಲ್ಲದರ ಒಳಗಿರುವುದೂ ಆಂಡ್ರಾಯ್ಡೇ ಆದರೂ ಸೆಟ್ಟಿಂಗ್ಸ್ ಜೋಡಣೆ ಬೇರೆ, ಸ್ವಭಾವವೂ ಬೇರೆ. "ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಮೆಸೇಜ್ ತಡವಾಗಿ ಬರುತ್ತೆ" ಎನ್ನುವ ದೂರನ್ನೇ ನೋಡಿ. ಬ್ಯಾಟರಿ ಉಳಿಸಲೆಂದು ಹಲವು ಕಂಪನಿಗಳು ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತವೆ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಮೆಸೇಜ್ ನಿಲ್ಲುತ್ತದೆ, ಫೋನ್ ಎತ್ತಿಕೊಂಡಾಗ ಹತ್ತು ಒಟ್ಟಿಗೆ ಸುರಿಯುತ್ತವೆ. ಶಿಯೋಮಿಯಲ್ಲಿ ಆ ಆ್ಯಪ್‌ನ ಮಾಹಿತಿ ಪುಟಕ್ಕೆ ಹೋಗಿ ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿ ಸೇವರ್‌ನಲ್ಲಿ 'ನೋ ರಿಸ್ಟ್ರಿಕ್ಷನ್ಸ್' ಆರಿಸಿ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ, ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್, ಅಲ್ಲಿ 'ನೆವರ್ ಆಟೋ ಸ್ಲೀಪಿಂಗ್ ಆ್ಯಪ್ಸ್' ಪಟ್ಟಿಗೆ ಸೇರಿಸಿ. ಎರಡು ನಿಮಿಷದ ಕೆಲಸ. ವಾಟ್ಸಾಪ್ ಜೊತೆಗೆ ಬ್ಯಾಂಕ್ ಆ್ಯಪ್ ಮತ್ತು ಮಾತ್ರೆ ನೆನಪಿಸುವ ಆ್ಯಪ್‌ಗೂ ಇದನ್ನು ಮಾಡಿ. ಐಫೋನ್‌ನಲ್ಲಿ ಈ ತಲೆನೋವು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ನೋಟಿಫಿಕೇಶನ್ ಆ್ಯಪಲ್‌ನ ಸರ್ವರ್ ಮೂಲಕವೇ ಬರುತ್ತದೆ, ಆ್ಯಪ್ ಎದ್ದು ಕೂತಿರಬೇಕಿಲ್ಲ.

ಜಾಹೀರಾತೂ ಇದೇ ಕಥೆ. ಶಿಯೋಮಿ ಫೋನಿನ ಜಾಹೀರಾತುಗಳ ಹಿಂದಿರುವುದು 'ಎಂಎಸ್‌ಎ' ಎಂಬ ಪುಟ್ಟ ಸೇವೆ. ಸೆಟ್ಟಿಂಗ್ಸ್‌ನಲ್ಲಿ 'ಆಥರೈಸೇಶನ್ ಆ್ಯಂಡ್ ರಿವೊಕೇಶನ್' ಹುಡುಕಿ ಅದನ್ನು ಆಫ್ ಮಾಡಿ. ಹತ್ತು ಸೆಕೆಂಡ್ ಕಾಯಿಸುತ್ತದೆ, ಕೆಲವೊಮ್ಮೆ 'ಆಗಲಿಲ್ಲ' ಎಂದೂ ಹೇಳುತ್ತದೆ. ಇಂಟರ್ನೆಟ್ ಆನ್ ಇಟ್ಟುಕೊಂಡು ಮೂರ್ನಾಲ್ಕು ಬಾರಿ ಒತ್ತಿದರೆ ಒಪ್ಪಿಕೊಳ್ಳುತ್ತದೆ. ಲಾಕ್ ಪರದೆಯ ಮೇಲೆ ದಿನಕ್ಕೊಂದು ಚಿತ್ರ, ಸುದ್ದಿ ತೋರಿಸುವ ಗ್ಲಾನ್ಸ್ ನಮ್ಮ ಬೆಂಗಳೂರಿನ ಇನ್‌ಮೊಬಿ ಕಂಪನಿಯದೇ. ಅದನ್ನೂ ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಮುಚ್ಚಬಹುದು. ವಯಸ್ಸಾದವರ ಫೋನಿನಲ್ಲಿ ಮೊದಲ ದಿನವೇ ಮುಚ್ಚಿ. ಬೀಗ ತೆಗೆಯಲು ಹೋಗಿ ಅವರು ಇನ್ನೆಲ್ಲೋ ಹೋಗಿ ನಿಲ್ಲುವುದು ಅಲ್ಲಿಂದಲೇ.

ಹಿಂದಕ್ಕೆ ಹೋಗುವುದರಲ್ಲಿ ಆಂಡ್ರಾಯ್ಡ್ ಗೆಲ್ಲುತ್ತದೆ. ಯಾವ ಆ್ಯಪ್‌ನಲ್ಲಿದ್ದರೂ ಬ್ಯಾಕ್ ಬ್ಯಾಕೇ. ಬೆರಳು ಎಳೆಯುವುದು ಒಗ್ಗದವರಿಗೆ ಕೆಳಗಿನ ಮೂರು ಬಟನ್ ವಾಪಸ್ ತರಬಹುದು: ಸ್ಯಾಮ್‌ಸಂಗ್‌ನಲ್ಲಿ ಡಿಸ್‌ಪ್ಲೇ, ನ್ಯಾವಿಗೇಶನ್ ಬಾರ್, ಉಳಿದವುಗಳಲ್ಲಿ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ 'ನ್ಯಾವಿಗೇಶನ್' ಎಂದು ಬರೆದರೆ ಸಿಗುತ್ತದೆ. ಐಫೋನ್‌ನಲ್ಲಿ ಎಲ್ಲೆಡೆ ಒಂದೇ ರೀತಿ ಕೆಲಸ ಮಾಡುವ ಬ್ಯಾಕ್ ಇಲ್ಲ. ಕೆಲವು ಕಡೆ ಎಡ ಅಂಚಿನಿಂದ ಎಳೆಯಬೇಕು, ಕೆಲವು ಕಡೆ ಮೇಲಿನ ಬಾಣ, ಇನ್ನು ಕೆಲವು ಕಡೆ ಕೆಳಕ್ಕೆ ಎಳೆದು ಮುಚ್ಚಬೇಕು. ಯುವಕರಿಗೆ ವಾರದಲ್ಲಿ ಅಭ್ಯಾಸವಾಗುತ್ತದೆ, ಎಪ್ಪತ್ತು ದಾಟಿದವರಿಗೆ ಆಗುವುದು ಕಷ್ಟ.

ಈಗ ಕನ್ನಡಕ್ಕೆ ಬರೋಣ. ಹೋಲಿಕೆಯ ವಿಡಿಯೋಗಳು ಮುಟ್ಟದೇ ಬಿಡುವ ಜಾಗ ಇದು. ಆಂಡ್ರಾಯ್ಡ್‌ನ ಮೆನುಗಳಿಗೆ ಕನ್ನಡ ಬಂದದ್ದು 2014ರ ಲಾಲಿಪಾಪ್ ಆವೃತ್ತಿಯಲ್ಲಿ. ಐಫೋನ್‌ಗೆ 2017ರಲ್ಲಿ ಅದರ ತಂತ್ರಾಂಶವಾದ ಐಓಎಸ್ 11ರ ಜೊತೆ ಕನ್ನಡ ಕೀಲಿಮಣೆ ಬಂತು. ಮೆನುಗಳು ಕನ್ನಡಕ್ಕೆ ತಿರುಗಲು 2025ರ ಐಓಎಸ್ 18.4ರವರೆಗೆ ಕಾಯಬೇಕಾಯಿತು. ಅಂದರೆ ಆಂಡ್ರಾಯ್ಡ್‌ಗಿಂತ ಹತ್ತು ವರ್ಷ ತಡ. ಈಗ ಜನರಲ್, ಲ್ಯಾಂಗ್ವೇಜ್ ಆ್ಯಂಡ್ ರೀಜನ್, ಆ್ಯಡ್ ಲ್ಯಾಂಗ್ವೇಜ್ ಒತ್ತಿ ಕನ್ನಡ ಆರಿಸಿದರೆ ಸಾಕು. ಇಡೀ ಫೋನ್ ಕನ್ನಡಕ್ಕೆ ತಿರುಗಿಸಿದರೆ 'ಆದ್ಯತೆಗಳು', 'ಗೌಪ್ಯತೆ' ನಡುವೆ ದಾರಿ ತಪ್ಪುತ್ತದೆ ಎನ್ನುವವರೂ ಇದ್ದಾರೆ. ಅವರು ಒಂದೊಂದೇ ಆ್ಯಪ್‌ನ ಭಾಷೆ ಬದಲಿಸಬಹುದು. ಆಂಡ್ರಾಯ್ಡ್ 13ರಿಂದ ಮುಂದಿನವುಗಳಲ್ಲಿ ಆ ಆ್ಯಪ್‌ನ ಮಾಹಿತಿ ಪುಟದಲ್ಲಿ, ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಒಳಗೆ ಆ ಆ್ಯಪ್‌ನ ಹೆಸರಿನಡಿ 'ಲ್ಯಾಂಗ್ವೇಜ್' ಇರುತ್ತದೆ. ಆ್ಯಪ್ ಮಾಡಿದವರು ಕನ್ನಡ ಕೊಟ್ಟಿದ್ದರೆ ಮಾತ್ರ ಪಟ್ಟಿಯಲ್ಲಿ ಕಾಣುತ್ತದೆ.

ಬರವಣಿಗೆಯಲ್ಲಿ ಆಂಡ್ರಾಯ್ಡ್ ಇನ್ನೂ ಮುಂದಿದೆ ಎಂಬುದು ನನ್ನ ಅಭಿಪ್ರಾಯ. ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸುವಾಗ ಮೂರು ದಾರಿ ಕೇಳುತ್ತದೆ: ನೇರ ಕನ್ನಡ ಅಕ್ಷರಗಳ ವಿನ್ಯಾಸ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗುವ ಲಿಪ್ಯಂತರ, ಬೆರಳಿನಿಂದ ಪರದೆಯ ಮೇಲೆ ಬರೆಯುವುದು. ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ ಬರೆಸಬಹುದು, ಅದು 2017ರಿಂದಲೂ ಇದೆ. ಲಿಪ್ಯಂತರ ವೇಗವಾಗಿದೆ, ಆದರೆ ಲ-ಳ, ನ-ಣ, ಹ್ರಸ್ವ-ದೀರ್ಘಗಳಲ್ಲಿ ಊಹಿಸುತ್ತದೆ. ಮೇಲಿನ ಸಲಹೆಗಳನ್ನು ನೋಡದೆ ಸ್ಪೇಸ್ ಒತ್ತಿದರೆ 'ಹಳ್ಳಿ' ಹೋಗಿ 'ಹಲ್ಲಿ' ಬಂದೀತು. ಐಫೋನ್‌ನಲ್ಲೂ ಜಿಬೋರ್ಡ್ ಹಾಕಿಕೊಳ್ಳಬಹುದು, ಆದರೆ ಹೊರಗಿನ ಕೀಲಿಮಣೆಗಳಿಗೆ ಆ್ಯಪಲ್ ಮೈಕ್ ಕೊಡುವುದಿಲ್ಲ, ಪಾಸ್‌ವರ್ಡ್ ಜಾಗದಲ್ಲಿ ತನ್ನದೇ ಕೀಲಿಮಣೆಯನ್ನು ತಂದು ಕೂರಿಸುತ್ತದೆ. "ಕೀಬೋರ್ಡ್ ತಾನೇ ಬದಲಾಗುತ್ತೆ" ಎಂಬ ಗೊಣಗಾಟದ ಮೂಲ ಇದು. ಫೋನ್ ಕೆಟ್ಟಿಲ್ಲ.

ಅಂಗಡಿಯಲ್ಲೇ ಪರೀಕ್ಷಿಸಲು ಮೂರು ಪದಗಳಿವೆ: ಸೂರ್ಯ, ರ‍್ಯಾಂಕ್, ರಾಜ್‌ಕುಮಾರ್. ಮೊದಲನೆಯದರಲ್ಲಿ ಅರ್ಕಾವೊತ್ತು ಬರಬೇಕು, ಎರಡನೆಯದರಲ್ಲಿ ಬರಬಾರದು, ಮೂರನೆಯದರಲ್ಲಿ ಜ ಮತ್ತು ಕ ಒತ್ತಾಗಿ ಅಂಟಬಾರದು. ಎರಡನೆಯ ಮತ್ತು ಮೂರನೆಯ ಪದಗಳ ಒಳಗೆ ಕಣ್ಣಿಗೆ ಕಾಣದ ಒಂದೊಂದು ಅಕ್ಷರ ಬೇಕು: ರ‍್ಯಾಂಕ್‌ಗೆ ಕೂಡಿಸುವ ಜಾಯಿನರ್, ರಾಜ್‌ಕುಮಾರ್‌ಗೆ ಬಿಡಿಸುವ ನಾನ್-ಜಾಯಿನರ್. ನೀವು ಆರಿಸಿದ ವಿನ್ಯಾಸದಲ್ಲಿ ಆ ಕೀ ಸಿಗದಿದ್ದರೆ, ಸರಿಯಾಗಿ ಮೂಡಿದ ಪದವನ್ನು ಎಲ್ಲಿಂದಾದರೂ ನಕಲು ಮಾಡಿ ಶಾರ್ಟ್‌ಕಟ್ ಆಗಿ ಉಳಿಸಿಕೊಳ್ಳಿ. ಐಫೋನ್‌ನಲ್ಲಿ ಅದು ಕೀಬೋರ್ಡ್ ಸೆಟ್ಟಿಂಗ್ಸ್‌ನ 'ಟೆಕ್ಸ್ಟ್ ರಿಪ್ಲೇಸ್‌ಮೆಂಟ್', ಜಿಬೋರ್ಡ್‌ನಲ್ಲಿ 'ಪರ್ಸನಲ್ ಡಿಕ್ಷನರಿ'.

ಇನ್ನು ದುಡ್ಡಿನ ವಿಷಯ. ಯುಪಿಐ ಎರಡರಲ್ಲೂ ಒಂದೇ, ಫೋನ್ ಬದಲಿಸುವ ದಿನವೊಂದನ್ನು ಬಿಟ್ಟು. ಹೊಸ ಫೋನಿನಲ್ಲಿ ಯುಪಿಐ ಆ್ಯಪ್ ತೆರೆದಾಗ, ನಂಬರ್ ನಿಮ್ಮದೇ ಎಂದು ಖಚಿತಪಡಿಸಲು ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೊರಹೋಗಬೇಕು. ಆಂಡ್ರಾಯ್ಡ್‌ನಲ್ಲಿ ಅನುಮತಿ ಕೊಟ್ಟರೆ ಆ್ಯಪ್ ತಾನೇ ಕಳಿಸುತ್ತದೆ. ಐಫೋನ್‌ನಲ್ಲಿ ಸಂಕೇತ ತುಂಬಿದ ಮೆಸೇಜ್ ಎದುರಿಗೆ ಬರುತ್ತದೆ, ನೀವೇ ಕಳಿಸಬೇಕು. ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಹೋಗುತ್ತಿದೆಯೇ ನೋಡಿ. 'ವೆರಿಫಿಕೇಶನ್ ಫೇಲ್ಡ್' ಎಂದು ಬಂದರೆ ಮೊದಲು ಅನುಮಾನಿಸಬೇಕಾದ್ದು ಎರಡು: ತಪ್ಪು ಸಿಮ್, ಇಲ್ಲವೇ ಎಸ್‌ಎಂಎಸ್ ಕಳಿಸಲು ಬ್ಯಾಲೆನ್ಸ್ ಇಲ್ಲದ ಸಿಮ್. ನೋಂದಣಿಯಾದ ಮೇಲೂ ಹಲವು ಬ್ಯಾಂಕ್‌ಗಳು ಆಂಡ್ರಾಯ್ಡ್‌ನಲ್ಲಿ ಮೊದಲ 24 ಗಂಟೆ, ಐಫೋನ್‌ನಲ್ಲಿ ಮೊದಲ 72 ಗಂಟೆ 5,000 ರೂಪಾಯಿಯ ಮಿತಿ ಹಾಕುತ್ತವೆ.

ಇದಕ್ಕೆ ಇ-ಸಿಮ್ (ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಸೇರಿದರೆ ಲೆಕ್ಕ ಇನ್ನೂ ಉದ್ದವಾಗುತ್ತದೆ. ಭಾರತದಲ್ಲಿ ಮಾರುವ ಹೆಚ್ಚಿನ ಐಫೋನ್‌ಗಳಲ್ಲಿ ಸಿಮ್ ಹಾಕಲು ಒಂದೇ ಜಾಗ, ಎರಡನೆಯ ನಂಬರ್ ಇ-ಸಿಮ್ ಆಗಬೇಕು. ಪ್ಲಾಸ್ಟಿಕ್ ಸಿಮ್ ಅನ್ನು ಇ-ಸಿಮ್‌ಗೆ ಬದಲಿಸಿದಾಗ ಸುರಕ್ಷತೆಗೆಂದು ಆ ನಂಬರಿನ ಎಸ್‌ಎಂಎಸ್ 24 ಗಂಟೆ ತಡೆಯಲ್ಲಿರುತ್ತದೆ. ಒಟಿಪಿ ಬರುವುದಿಲ್ಲ, ಯುಪಿಐ ನೋಂದಣಿಯ ಮೆಸೇಜೂ ಹೋಗುವುದಿಲ್ಲ. ಅದಾದ ಮೇಲೆ 72 ಗಂಟೆಯ ಮಿತಿ. ಒಟ್ಟು ನಾಲ್ಕು ದಿನ. ಬಾಡಿಗೆ, ಶಾಲೆಯ ಫೀಸು ಕಟ್ಟುವ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬ್ಯಾಂಕಿನ ನಂಬರ್ ಇರುವ ಸಿಮ್ ಅನ್ನು ಹಾಗೇ ಕಿತ್ತು ಹೊಸ ಫೋನಿನ ಜಾಗಕ್ಕೆ ಹಾಕಿ ಇನ್ನೊಂದನ್ನು ಇ-ಸಿಮ್ ಮಾಡಿದರೆ ಮೊದಲ ಒಂದು ದಿನದ ಕಾಯುವಿಕೆ ತಪ್ಪುತ್ತದೆ.

ಅಮೆರಿಕದಿಂದ ಮಗ ತರುವ ಐಫೋನ್ ಅಗ್ಗ ಎನ್ನುವವರಿಗೆ ಒಂದು ಮಾತು: ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಎಲ್ಲವೂ ಇ-ಸಿಮ್. ಐಫೋನ್ 17ರಿಂದ ದುಬೈಯಂಥ ಕೊಲ್ಲಿಯ ಹಲವು ಕಡೆಯೂ ಹಾಗೇ. ಮಂಗಳೂರು, ಉಡುಪಿ ಕಡೆಯವರು ಗಮನಿಸಿ. ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ ಮಾಡೆಲ್ ನಂಬರಿನ ಕೊನೆಗೆ 'ಎಚ್‌ಎನ್/ಎ' ಇದ್ದರೆ ಭಾರತದ್ದು, 'ಎಲ್‌ಎಲ್/ಎ' ಇದ್ದರೆ ಅಮೆರಿಕದ್ದು.

ವಾಟ್ಸಾಪ್ ಸಾಗಿಸುವಾಗ ಆಗುವ ತಪ್ಪು ಒಂದೇ, ಎಲ್ಲರೂ ಮಾಡುವುದೂ ಅದನ್ನೇ. ಗೂಗಲ್‌ನಲ್ಲಿ ಬ್ಯಾಕಪ್ ಇದೆ ಎಂಬ ಧೈರ್ಯದಲ್ಲಿ ಹಳೆಯ ಆಂಡ್ರಾಯ್ಡ್ ಅಳಿಸಿಬಿಡುತ್ತಾರೆ. ಆ ಬ್ಯಾಕಪ್ ಐಫೋನ್‌ನಲ್ಲಿ ತೆರೆಯುವುದಿಲ್ಲ, ಆ್ಯಪಲ್‌ನ ಐಕ್ಲೌಡ್‌ನದು ಆಂಡ್ರಾಯ್ಡ್‌ನಲ್ಲಿ ತೆರೆಯುವುದಿಲ್ಲ. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗುವಾಗ 'ಮೂವ್ ಟು ಐಓಎಸ್' ಆ್ಯಪ್ ಬಳಸಿ, ಅದರಲ್ಲಿ ವಾಟ್ಸಾಪ್‌ಗೆ ಟಿಕ್ ಹಾಕಿ, ಎರಡೂ ಫೋನ್ ಚಾರ್ಜರ್‌ಗೆ ಹಾಕಿ ಒಂದೇ ವೈಫೈನಲ್ಲಿ ಇಡಿ. ಇದು ಐಫೋನ್ ಮೊದಲ ಬಾರಿ ಹೊಂದಿಸುವಾಗಲೇ ಆಗಬೇಕು. ಬಳಸಲು ಶುರು ಮಾಡಿದ್ದರೆ ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ. ಹಳೆಯ ಫೋನ್ ಅನ್ನು ಒಂದು ತಿಂಗಳು ಅಳಿಸದೆ ಇಟ್ಟುಕೊಳ್ಳಿ. ಜಾಗದ ಲೆಕ್ಕವೂ ಇದೆ: ಗೂಗಲ್ 15 ಜಿಬಿ ಉಚಿತ ಕೊಡುತ್ತದೆ, ಈಗ ವಾಟ್ಸಾಪ್ ಬ್ಯಾಕಪ್ ಕೂಡ ಅದರೊಳಗೇ ಬರುತ್ತದೆ. ಐಕ್ಲೌಡ್ ಕೊಡುವುದು 5 ಜಿಬಿ. ಮದುವೆ ಮನೆಯ ಒಂದು ಗ್ರೂಪ್ ಇದ್ದರೆ ಅದು ಸಾಲದು.

ಸಣ್ಣಪುಟ್ಟದ್ದು ಎರಡು. ಐಫೋನ್ ಫೋಟೋವನ್ನು ಹೆಚ್ಇಐಸಿ ರೂಪದಲ್ಲಿ ಉಳಿಸುತ್ತದೆ, ಜೆಪಿಜಿ ಕೇಳುವ ಅರ್ಜಿಗಳ ಪುಟ ಅದನ್ನು ತಿರಸ್ಕರಿಸುತ್ತದೆ; ಕ್ಯಾಮೆರಾ ಸೆಟ್ಟಿಂಗ್ಸ್, ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಮಾಡಿ. ಕಾಲ್ ರೆಕಾರ್ಡ್ ಐಓಎಸ್ 18.1ರಿಂದ ಐಫೋನ್‌ನಲ್ಲೂ ಇದೆ, ರೆಕಾರ್ಡ್ ಆಗುತ್ತಿದೆ ಎಂದು ಇಬ್ಬರಿಗೂ ಕೇಳಿಸುತ್ತದೆ. ಗೂಗಲ್‌ನ ಫೋನ್ ಆ್ಯಪ್ ಕೂಡ ಹಾಗೇ ಸಾರುತ್ತದೆ.

ಎಷ್ಟು ವರ್ಷ ಬರುತ್ತದೆ ಎಂಬುದನ್ನು ಅಪ್‌ಡೇಟ್ ಹೇಳುತ್ತದೆ. 2018ರ ಐಫೋನ್ ಎಕ್ಸ್‌ಆರ್‌ಗೆ ಐಓಎಸ್ 18 ಸಿಕ್ಕಿತು, ಅದರ ಮುಂದಿನ ಆವೃತ್ತಿಯಾದ 26 ಸಿಗಲಿಲ್ಲ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಿಂದ ಆಚೆಗೆ ಏಳು ವರ್ಷದ ಭರವಸೆ ಇದೆ. ಅಗ್ಗದ ಆಂಡ್ರಾಯ್ಡ್‌ಗಳಲ್ಲಿ ಇದು ತುಂಬಾ ಕಡಿಮೆ, ಅದೂ ಫೋನ್ ಬಿಡುಗಡೆಯಾದ ದಿನದಿಂದ ಎಣಿಕೆ. ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾಡೆಲ್‌ನ ಅರ್ಧ ಆಯಸ್ಸು ಅಂಗಡಿಯ ಕಪಾಟಿನಲ್ಲೇ ಕಳೆದಿರುತ್ತದೆ.

ಕರೆ ಮತ್ತು ಅಪರೂಪಕ್ಕೊಮ್ಮೆ ಹಣ ಕಳಿಸುವುದು ಇಷ್ಟೇ ಬೇಕಾದವರಿಗೆ ಎರಡೂ ಬೇಡ. 2017ರ ಜಿಯೋಫೋನ್‌ನಂಥ ಕೈಓಎಸ್ (ಕೀಪ್ಯಾಡ್ ಫೋನಿನಲ್ಲೇ ಆ್ಯಪ್ ಓಡಿಸುವ ತಂತ್ರಾಂಶ) ಫೋನ್‌ಗಳ ಆಸೆ ಬಿಡಿ, 2024ರ ಜೂನ್‌ನಿಂದ ಅವುಗಳಲ್ಲಿ ವಾಟ್ಸಾಪ್ ಹೊಸದಾಗಿ ಹಾಕಿಕೊಳ್ಳಲು ಬರುವುದಿಲ್ಲ. ಮಾಮೂಲಿ ಕೀಪ್ಯಾಡ್ ಫೋನ್ ಸಾಕು. 2022ರಲ್ಲಿ ಬಂದ ಯುಪಿಐ 123ಪೇ ಅದರಲ್ಲೇ ಕರೆ ಮಾಡಿ ಹಣ ಕಳಿಸಲು ಬಿಡುತ್ತದೆ. ಪಿನ್ ಹಾಕುವಾಗ ಮಾತ್ರ ಪಕ್ಕದಲ್ಲಿ ಯಾರೂ ಇರದಂತೆ ನೋಡಿಕೊಳ್ಳಲು ಅವರಿಗೆ ಹೇಳಿಕೊಡಿ.