ದನಿಯಾಗದ ಕನ್ನಡ ಇ-ಪುಸ್ತಕಗಳು

ತಾಲ್ಲೂಕು ಊರಿನ ಡಿಗ್ರಿ ಕಾಲೇಜೊಂದರಲ್ಲಿ ನಾನು ಲೈಬ್ರರಿಯನ್. ಇ-ಪುಸ್ತಕ ನಮ್ಮಲ್ಲಿಗೆ ಬಂದದ್ದು ಎನ್-ಲಿಸ್ಟ್ ಮೂಲಕ. ಗುಜರಾತಿನ ಗಾಂಧಿನಗರದಲ್ಲಿರುವ, ಕಾಲೇಜು-ವಿಶ್ವವಿದ್ಯಾಲಯಗಳ ಲೈಬ್ರರಿಗಳಿಗಾಗಿ ಕೆಲಸ ಮಾಡುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಯೋಜನೆ ಅದು. ಕಾಲೇಜು ವರ್ಷಕ್ಕೊಮ್ಮೆ ಸಣ್ಣ ಶುಲ್ಕ ಕಟ್ಟಿದರೆ ಹುಡುಗರಿಗೂ ಮೇಷ್ಟ್ರಿಗೂ ಪಾಸ್‌ವರ್ಡ್ ಸಿಗುತ್ತದೆ. ಲಕ್ಷಕ್ಕೂ ಜಾಸ್ತಿ ಪುಸ್ತಕ ಮೊಬೈಲಿನಲ್ಲೇ ಓದಬಹುದು. ಪರೀಕ್ಷೆ ಹತ್ತಿರ ಬಂದಾಗ ಇರುವ ಒಂದೇ ಪ್ರತಿಗೆ ಹತ್ತು ಜನ ಕಾಯುವ ಲೈಬ್ರರಿಗೆ ಇದು ಎಷ್ಟು ದೊಡ್ಡ ಅನುಕೂಲ, ಅಲ್ವಾ?

ಆದರೆ ಅಲ್ಲಿರುವುದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳೇ.

ಕಣ್ಣು ಕಾಣದ ಒಬ್ಬ ಹುಡುಗಿ ನಮ್ಮಲ್ಲಿ ಬಿ.ಎ. ಓದುತ್ತಿದ್ದಾಳೆ. ಐಚ್ಛಿಕ ಕನ್ನಡ ಅವಳ ಇಷ್ಟದ ವಿಷಯ. ಇಂಗ್ಲಿಷ್ ಇ-ಪುಸ್ತಕವನ್ನು ಫೋನಿನ ಟಾಕ್‌ಬ್ಯಾಕ್ ಅವಳಿಗೆ ಗಡಗಡ ಓದಿ ಹೇಳುತ್ತದೆ. ಕನ್ನಡದ್ದು ತೆರೆದರೆ ಪುಟದ ಸಂಖ್ಯೆ ಬಿಟ್ಟು ಇನ್ನೇನೂ ಹೇಳುವುದಿಲ್ಲ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳು ರಾಶಿ ರಾಶಿ ಇವೆ, ಸ್ಕ್ಯಾನ್ ಮಾಡಿದವರಿಗೆ ನಾನು ಋಣಿ. ಆದರೆ ಅವು ಪುಟದ ಫೋಟೊಗಳು, ಫೋನಿಗೆ ಅವುಗಳಲ್ಲಿ ಅಕ್ಷರ ಸಿಗುವುದಿಲ್ಲ. ಹೊಸ ಪಿಡಿಎಫ್‌ಗಳ ಕಥೆ ಬೇರೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ‘ನ’ ಕಾಪಿ ಮಾಡಿ ನೋಡಿ, ಪೌಂಡ್ ಚಿಹ್ನೆ ಬರುತ್ತದೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಫೋನಿಗೆ ಅದು ಕನ್ನಡವಲ್ಲ.

ಇ-ರೀಡರ್‌ನಲ್ಲೂ ಇದೇ ಗೋಳು. ಆರಿಂಚಿನ ಪರದೆಯಲ್ಲಿ ಸ್ಕ್ಯಾನ್ ಪುಟದ ಅಕ್ಷರ ದೊಡ್ಡದು ಮಾಡಲು ಆಗುವುದಿಲ್ಲ, ಪುಟವನ್ನೇ ಅತ್ತಿತ್ತ ಎಳೆಯಬೇಕು. 2016ರಲ್ಲಿ ಅಮೆಜಾನ್‌ನ ಇ-ರೀಡರ್ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನನಗೆ ಇವತ್ತಿಗೂ ಆ ಬೇಸರ ಹೋಗಿಲ್ಲ.

ಸಂಜೆ ಲೈಬ್ರರಿ ಖಾಲಿಯಾದ ಮೇಲೆ ಅವಳ ಪಠ್ಯವನ್ನು ಪುಟಪುಟವಾಗಿ ಒಸಿಆರ್‌ಗೆ, ಅಂದರೆ ಫೋಟೊದಲ್ಲಿನ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುವ ತಂತ್ರಾಂಶಕ್ಕೆ ಹಾಕಿ ತಿದ್ದುತ್ತೇನೆ. ಕಂಪ್ಯೂಟರಿಗೆ ಅರ್ಕಾವತ್ತು ಒಂಬತ್ತರ ಹಾಗೆ ಕಾಣುತ್ತದೆ. ‘ಧರ್ಮ’ ಹೋಗಿ ‘ಧಮ೯’ ಆಗುತ್ತದೆ. ‘ಧ’ದ ಸೀಳು ಮಾಸಿದ್ದರೆ ‘ದ’ ಆಗುತ್ತದೆ. ಹಳಗನ್ನಡ ಪದ್ಯ ಬಂದರೆ ಮುಗಿಯಿತು, ಸುಮ್ನೆ ಕೂತು ಟೈಪ್ ಮಾಡುವುದೇ ವಾಸಿ.

ಕಾಪಿರೈಟ್ ತೊಂದರೆ ಬರಲ್ವಾ ಅಂತ ಕೇಳುವವರಿದ್ದಾರೆ. 2012ರ ತಿದ್ದುಪಡಿ ಅಂಗವಿಕಲರ ಓದಿಗಾಗಿ ಪುಸ್ತಕದ ರೂಪ ಬದಲಿಸಲು ಅವಕಾಶ ಕೊಟ್ಟಿದೆ. ಇಂಥ ಓದುಗರಿಗಾಗಿಯೇ ಇರುವ ಮಾರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಕಾನೂನು ನಮ್ಮ ಕಡೆಗಿದೆ. ಬೇಕಿರುವುದು ಫೈಲು.

ಹಾಗಾಗಿ ಪಠ್ಯ ಬರೆಯುವ ಮೇಷ್ಟ್ರುಗಳಿಗೆ, ಪ್ರಕಾಶಕರಿಗೆ ನನ್ನದೊಂದು ಕೋರಿಕೆ. ಪ್ರೆಸ್ಸಿಗೆ ಕೊಟ್ಟ ಮೂಲ ಫೈಲನ್ನು ಅಳಿಸಬೇಡಿ. ಇಂಥ ಮಕ್ಕಳು ಓದುವ ಕಾಲೇಜಿನ ಲೈಬ್ರರಿ ಕೇಳಿದರೆ ಕೊಡಿ. ನುಡಿಯಲ್ಲಿದ್ದರೂ ಪರವಾಗಿಲ್ಲ, ಫೋನು ಕನ್ನಡವೆಂದು ಗುರುತಿಸುವ ಯುನಿಕೋಡ್‌ಗೆ ನಾವೇ ಬದಲಿಸಿಕೊಳ್ಳುತ್ತೇವೆ. ಸೆಮಿಸ್ಟರ್ ಶುರುವಾಗುವ ಮೊದಲೇ ಕೈಗೆ ಬಂದರೆ, ಅವಳೂ ಉಳಿದವರ ಜೊತೆಗೇ ಮೊದಲ ಪಾಠ ಓದಬಹುದು.