ಫ್ರೇಮ್ ಎಣಿಸಿದರೆ ಸಾಲದು

ಗ್ರಾಫಿಕ್ಸ್ ಕಾರ್ಡ್‌ಗಳ ವೇಗವನ್ನು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಮೂಡಿಸುತ್ತವೆ ಎಂಬುದನ್ನು, ಅಳೆಯುವ ಕೆಲಸವನ್ನು ತಾನಾಗಿ ಓಡುವ ಪುಟ್ಟ ಪ್ರೋಗ್ರಾಂಗೆ, ಸ್ಕ್ರಿಪ್ಟ್‌ಗೆ, ಒಪ್ಪಿಸಿ ನಿಶ್ಚಿಂತೆಯಿಂದ ಇರಬಹುದು. ಚಿತ್ರದ ಗುಣಮಟ್ಟವನ್ನೂ ಒಪ್ಪಿಸಲು ಹೊರಟಾಗಲೇ ತಲೆನೋವು ಶುರು. ಎರಡು ಕಾರ್ಡ್‌ಗಳ ಚಿತ್ರಗಳನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಹೋಲಿಸುವುದೇನೋ ಸುಲಭ. ಆದರೆ ಎರಡೂ ಒಂದೇ ಕ್ಷಣದ ಚಿತ್ರಗಳಾಗಿರಬೇಕಲ್ಲ! ಹೊಗೆ, ಎಲೆ, ನೀರಿನ ಅಲೆ ಪ್ರತಿ ಸಲವೂ ಬೇರೆಯಾಗಿರುತ್ತವೆ. ಹಾಗಾಗಿ ಮೊದಲು ಒಂದೇ ಕಾರ್ಡನ್ನು ಅದರೊಂದಿಗೇ ಹೋಲಿಸುತ್ತೇನೆ. ಅಲ್ಲಿ ಬರುವ ವ್ಯತ್ಯಾಸಕ್ಕಿಂತ ಹೆಚ್ಚಿದ್ದರೆ ಮಾತ್ರ ಮುಂದಿನ ಮಾತು.

ವ್ಯತ್ಯಾಸವಿದ್ದಲ್ಲಿ ಬಿಳಿ ತೋರಿಸುವ ಇಂದಿನ ಫಲಿತಾಂಶದಲ್ಲಿ ತಂತಿ ಬೇಲಿಯೊಂದು ಬೆಳ್ಳಗೆ ಹೊಳೆಯುತ್ತಿತ್ತು. ಅಂಚು ನಯಗೊಳಿಸುವ ಟಿಎಎ ತಂತ್ರ ಪ್ರತಿ ಫ್ರೇಮಿನಲ್ಲೂ ಕ್ಯಾಮೆರಾವನ್ನು ಒಂದು ಪಿಕ್ಸೆಲ್‌ಗಿಂತ ಕಡಿಮೆ ಸರಿಸುತ್ತದೆ, ಅಷ್ಟೇ ಕಾರಣ. ಕಣ್ಣಿಗೆ ಏನೂ ಕಾಣದು. ಪಕ್ಕದಲ್ಲೇ ಮಸುಕಾಗಿದ್ದ ಕಲ್ಲುಗೋಡೆಗೆ ಮಾತ್ರ, ಪಿಕ್ಸೆಲ್‌ಗಳ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕುವ ಪಿಎಸ್‌ಎನ್‌ಆರ್ ಎಂಬ ಅಳತೆ ಒಳ್ಳೆಯ ಅಂಕ ಕೊಟ್ಟು ಕೈತೊಳೆದುಕೊಂಡಿತ್ತು. ಚಿತ್ರದ ರಚನೆಯನ್ನೂ ಹೋಲಿಸುವ 2004ರ ಎಸ್‌ಎಸ್‌ಐಎಂ ಅಳತೆ ವಾಸಿ. ಎನ್‌ವಿಡಿಯಾ ಸಂಶೋಧಕರು 2020ರಲ್ಲಿ ತಂದ ಫ್ಲಿಪ್ ಇನ್ನೂ ವಾಸಿ, ನೋಡುವ ದೂರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದರೂ ಕಡಿಮೆ ರೆಸಲ್ಯೂಶನ್ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರಗಳು ಚಲಿಸುವ ವಸ್ತುಗಳ ಹಿಂದೆ ಬಿಡುವ ನೆರಳಿನ ಬಾಲ, ಮಿನುಗುವ ಅಂಚುಗಳು ನಿಶ್ಚಲ ಚಿತ್ರದಲ್ಲಿ ಎಷ್ಟೋ ಸಲ ಸಿಕ್ಕುವುದೇ ಇಲ್ಲ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ 2001ರ ಕಥೆ ಇದೆ. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎಟಿಐನ ಚಾಲಕ ತಂತ್ರಾಂಶ ಕ್ವೇಕ್ 3 ಆಟವನ್ನು ಹೆಸರಿನಿಂದಲೇ ಗುರುತಿಸಿ, ಚಿತ್ರದ ಗುಣಮಟ್ಟ ಇಳಿಸಿ ವೇಗ ಹೆಚ್ಚಿಸುತ್ತಿತ್ತು. ಕಡತದ ಹೆಸರನ್ನು ‘ಕ್ವ್ಯಾಕ್’ ಎಂದು ಬದಲಿಸಿದ್ದೇ ತಡ, ವೇಗ ಇಳಿದು ಚಿತ್ರ ಚೆಂದವಾಯಿತು!

ಸದ್ಯಕ್ಕೆ ನನ್ನ ಸ್ಕ್ರಿಪ್ಟ್ ತೀರ್ಪು ಕೊಡುವುದಿಲ್ಲ. ಅನುಮಾನದ ಫ್ರೇಮ್‌ಗಳನ್ನು ಆರಿಸಿ ಮುಂದಿಡುತ್ತದೆ, ನೋಡುವವನು ನಾನು.